ಏರಿಯ ಬುಡದ ತಿಳಿನೀರು

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಯಾವುದೋ ಕಂಪನಿಯ ಮನುಷ್ಯನೊಬ್ಬ ಬಂದು ಅಯಾದಾ ಕಿನುಯೊಳ ಕೆರೆಯ ಏರಿಯ ಮೇಲೆ ಹನ್ನೊಂದು ನಿಮಿಷ ಓಡಾಡಿದ. ಹನ್ನೊಂದು ಎಂಬುದು ಅಂದಾಜಿನ ಮಾತಲ್ಲ. ಕಿನುಯೊ ಅಡುಗೆಮನೆಯ ಕಿಟಕಿಯಿಂದ ಅವನನ್ನು ನೋಡುತ್ತ ಗೋಡೆ ಗಡಿಯಾರದ ಮೇಲೂ ಒಂದು ಕಣ್ಣಿಟ್ಟಿದ್ದಳು. ಅವನು ಬಗ್ಗಿ ಮಣ್ಣು ಮುಟ್ಟಲಿಲ್ಲ, ಕೋಡಿಯ ಕಡೆ ತಲೆ ಹಾಕಲಿಲ್ಲ. ನಾಲ್ಕು ಫೋಟೊ ಹೊಡೆದು, ಬೂಟಿನ ಕೆಸರನ್ನು ಅವಳ ಮೂಲಂಗಿ ಮಡಿಯ ಅಂಚುಗಲ್ಲಿಗೆ ಒರೆಸಿ ಹೊರಟುಹೋದ. ಮೂರು ವಾರದ ಮೇಲೆ ಪಟ್ಟಣದ ಕಚೇರಿಯಿಂದ ಪತ್ರ ಬಂತು. ಏರಿಯ ಬುಡದಲ್ಲಿ ಸೋರಿಕೆ ಕಂಡುಬಂದಿದೆ; ಜೂನ್ ಹದಿನೆಂಟರಂದು ಕೆರೆ ತುಂಬಿರುವಾಗ ಮರು ತಪಾಸಣೆ ನಡೆಯುತ್ತದೆ; ಸೋರಿಕೆ ಖಚಿತವಾದರೆ ಚಳಿಗಾಲದಲ್ಲಿ ಏರಿಯನ್ನು ತಳದವರೆಗೆ ಸೀಳಿ, ಅಲ್ಲಿ ಇನ್ನು ನೀರು ನಿಲ್ಲದಂತೆ ಮಾಡಲಾಗುವುದು.

ಕಿನುಯೊ ಪತ್ರವನ್ನು ಎರಡು ಸಲ ಓದಿ ಮಡಿಸಿಟ್ಟಳು. ಎದುರಿಗೆ ಕುಳಿತು ಚಹಾ ಕುಡಿಯುತ್ತಿದ್ದ ನೆರೆಮನೆಯ ಸದಾಜಿ ಏನಂತೆ ಎಂದು ಕೇಳಿದ.

"ನಮ್ಮ ಏರಿ ಸೋರುತ್ತಂತೆ. ದೊಡ್ಡ ಶೋಧನೆ ಮಾಡಿದಾರೆ. ನೂರಿಪ್ಪತ್ತು ವರ್ಷದಿಂದ ಸೋರ್ತಾ ಇದೆ, ಸೋರೋದ್ರಿಂದ್ಲೇ ನಿಂತಿದೆ."

ಮಣ್ಣಿನ ಏರಿಯ ವಿಷಯ ಅಷ್ಟೇ. ಜಪಾನಿನ ಈ ಸಾನುಕಿ ಸೀಮೆಯಲ್ಲಿ ಮಳೆ ಕಡಿಮೆ, ಹೊಳೆಗಳು ಗಿಡ್ಡ, ಆದ್ದರಿಂದ ಗುಡ್ಡದ ಪ್ರತಿ ಸಂದಿಗೂ ಒಂದು ಕೆರೆ. ಕಿನುಯೊಳ ಮುತ್ತಜ್ಜ ಊರವರನ್ನು ಕೂಡಿಸಿಕೊಂಡು ಕಟ್ಟಿಸಿದ್ದು ನಾಲ್ಕೂವರೆ ಮೀಟರ್ ಎತ್ತರದ, ಐವತ್ತೆರಡು ಮೀಟರ್ ಉದ್ದದ ಏರಿ. ನಡುವೆ ಜೇಡಿಮಣ್ಣಿನ ಗೋಡೆ. ಒಂದೊಂದು ಗೇಣು ಮಣ್ಣು ಹಾಕಿ, ಸಾಲಾಗಿ ನಿಂತು ಕಾಲಲ್ಲಿ ತುಳಿದು, ಗಟ್ಟಿಯಾದ ಮೇಲೆ ಮುಂದಿನ ಗೇಣು. ಎಷ್ಟು ತುಳಿದರೂ ಮಣ್ಣು ಮಣ್ಣೇ. ನೀರು ಅದರೊಳಗೆ ನಿಧಾನವಾಗಿ ನಡೆದು ಆಚೆ ಬದಿಗೆ ಬಂದೇ ಬರುತ್ತದೆ. ಎಲ್ಲಿಂದ ಬರುತ್ತದೆ, ಯಾವ ಬಣ್ಣದಲ್ಲಿ ಬರುತ್ತದೆ ಎಂಬುದು ಮುಖ್ಯ. ಬುಡದಿಂದ ತಿಳಿಯಾಗಿ ಬಂದರೆ ಏರಿ ಆರೋಗ್ಯವಾಗಿದೆ. ಕೆಂಪಗೆ ಬಂದರೆ ಏರಿ ಒಳಗಿನಿಂದ ಕರಗುತ್ತಿದೆ. ಕಿನುಯೊಳ ತಂದೆ ಬುಡದಲ್ಲಿ ಮರಳು, ಬೆಣಚುಕಲ್ಲು ಹಾಸಿ ಒಂದು ಸುಟ್ಟಮಣ್ಣಿನ ಪೈಪು ಹೂಳಿದ್ದ. ಏರಿ ಕುಡಿದ ನೀರೆಲ್ಲ ಮಣ್ಣನ್ನು ಒಳಗೇ ಬಿಟ್ಟು ಆ ಪೈಪಿನಿಂದ ಹೊರಬೀಳಲಿ ಎಂದು.

ಅವಳಿಗೆ ಒಂಬತ್ತು ವರ್ಷವಾಗಿದ್ದಾಗ ತಂದೆ ಅವಳ ಕೈಗೆ ಸಾಕೆ ಎಂಬ ಅಕ್ಕಿಮದ್ಯದ ಖಾಲಿ ಬಾಟಲಿ ಕೊಟ್ಟು ಪೈಪಿನ ಮುಂದೆ ಕೂರಿಸಿದ್ದ. ಮೊದಲು ಬಣ್ಣ ನೋಡು, ಆಮೇಲೆ ತುಂಬುವವರೆಗೆ ಎಣಿಸು ಎಂದಿದ್ದ. ತಂದೆ ತೀರಿಕೊಂಡು ಇಪ್ಪತ್ತೆರಡು ವರ್ಷವಾಯಿತು. ಅಂದಿನಿಂದ ಪ್ರತಿ ಬೆಳಗ್ಗೆ ಅವಳೇ ಎಣಿಸುತ್ತಾಳೆ. ಕೆರೆ ತುಂಬಿದ್ದಾಗ ಬಾಟಲಿ ತುಂಬಲು ಮೂವತ್ತೆಂಟರಿಂದ ನಲವತ್ತಮೂರು ಸೆಕೆಂಡು. ಕೆರೆ ತಗ್ಗಿದಂತೆ ಅದು ಎರಡು ನಿಮಿಷದವರೆಗೂ ಹೋಗುತ್ತದೆ. ಎಲ್ಲವನ್ನೂ ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂಬದಿಯಲ್ಲಿ ಬರೆದಿಟ್ಟಿದ್ದಾಳೆ.

ಎಣಿಸುವುದು ಅವಳಿಗೆ ಹೊಸದೂ ಅಲ್ಲ, ಬೇಸರವೂ ಅಲ್ಲ. ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ ಆರುನೂರ ನಲವತ್ತು ಮಕ್ಕಳಿಗೆ ಮಧ್ಯಾಹ್ನದ ಊಟ ಬೇಯಿಸಿದವಳು. ಸಾರಿನ ಕಡಾಯಿ ಎಂಬತ್ತೈದು ಡಿಗ್ರಿ ಮುಟ್ಟಿದೆಯೇ ಎಂದು ದಿನಾ ಥರ್ಮಾಮೀಟರ್ ಅದ್ದಿ ಬರೆದವಳು. ಮದುವೆಯಾಗಲಿಲ್ಲ. ಕೆರೆಗೆ ಗಂಟುಬಿದ್ದದ್ದರಿಂದ ಎಂದು ಊರವರು ಹೇಳಿದರೆ, ಕೆರೆಯನ್ನು ಯಾಕೆ ಸುಮ್ಮನೆ ಎಳೀತೀರಿ, ಬಂದ ಗಂಡುಗಳ ಮುಖ ನೋಡಿದ್ರೆ ನೀವೂ ಬೇಡ ಅಂತಿದ್ರಿ ಎನ್ನುತ್ತಿದ್ದಳು.

ಒಂದು ಕಾಲಕ್ಕೆ ಆ ನೀರು ಹದಿನಾಲ್ಕು ಮನೆಗಳ ಗದ್ದೆಗೆ ಹೋಗುತ್ತಿತ್ತು. ಈಗ ಎರಡೇ ಗದ್ದೆ; ಉಳಿದಲ್ಲಿ ಸೋಲಾರ್ ಹಲಗೆಗಳು, ಒಂದು ಪಾರ್ಕಿಂಗ್ ಜಾಗ, ಹನ್ನೊಂದು ಮನೆ. ಕಚೇರಿಯ ಪಟ್ಟಿಯಲ್ಲಿ ಅದು ಉಪಯೋಗವಿಲ್ಲದ ಖಾಸಗಿ ಕೆರೆ. ಆ ಪದ ಓದಿದಾಗಲೆಲ್ಲ ಕಿನುಯೊಳ ಕಿವಿ ಬಿಸಿಯಾಗುತ್ತಿತ್ತು. ಆ ಕೆರೆಯಲ್ಲಿ ತನಾಗೊ ಎಂಬ ಬೆರಳುದ್ದದ ಮೀನಿದೆ. ಬೇರೆ ಕೆರೆಗಳಲ್ಲಿ ಅದು ಹೋಗಿ ಎಷ್ಟೋ ವರ್ಷವಾಗಿದೆ. ವಸಂತದಲ್ಲಿ ಗಂಡುಮೀನಿನ ಹೊಟ್ಟೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಹೆಣ್ಣು ತನ್ನ ಮೊಟ್ಟೆಯನ್ನು ಜೀವಂತ ಕಪ್ಪೆಚಿಪ್ಪಿನ ಒಳಗೆ ಇಡುತ್ತದೆ. ಚಿಪ್ಪು ಇಲ್ಲದಿದ್ದರೆ ಮೀನಿಲ್ಲ. ಚಿಪ್ಪು ಬದುಕಬೇಕಾದರೆ ಕೆರೆಯ ತಳದಲ್ಲಿ ಕಪ್ಪು ಹೂಳು ಕೂರಬಾರದು. ಅದಕ್ಕೇ ಪ್ರತಿ ಶರತ್ಕಾಲ, ಗದ್ದೆ ಕೊಯ್ಲಾದ ಮೇಲೆ, ಅಡಿ ತೂಬು ತೆಗೆದು, ಹಲಗೆಗಳಿಂದ ಹೂಳನ್ನು ಕಲಕಿ ನೀರಿನ ಜೊತೆ ಓಡಿಸುವುದು. ಮುತ್ತಜ್ಜ ಇದನ್ನು ಮಾಡಿದ್ದು ಗದ್ದೆಗೆ ಗೊಬ್ಬರ ಆಗಲೆಂದು, ಮೀನಿಗಾಗಿ ಅಲ್ಲ. ಮೀನು ಮಾತ್ರ ಆ ಕೆಲಸದ ಮೇಲೇ ಬದುಕಿ ಬಂದಿದೆ. ಮುಂಚೆ ಮೂವತ್ತು ಜನ ಕೆಸರಿಗಿಳಿಯುತ್ತಿದ್ದರು, ಈಗ ಆರು. ಗುಳುಮುಳುಕ, ಮಿಂಚುಳ್ಳಿ, ಏರೋಪ್ಲೇನ್ ಚಿಟ್ಟೆ ಎಲ್ಲವೂ ಆ ಆರು ಜನರ ಸೊಂಟನೋವಿನ ಫಲ ಎಂದು ಕಿನುಯೊ ಹೇಳುವುದುಂಟು. ಏರಿ ಸೀಳಿದರೆ ಒಂದೇ ಚಳಿಗಾಲದಲ್ಲಿ ಎಲ್ಲ ಮುಗಿಯುತ್ತದೆ.

ಜೂನ್ ಹದಿಮೂರಕ್ಕೆ ಅವಳ ಎಡಗಣ್ಣಿನ ಪೊರೆಯ ಆಪರೇಷನ್ ಮೊದಲೇ ಗೊತ್ತಾಗಿತ್ತು. ಒಂದು ವಾರ ಬಗ್ಗಬಾರದು, ಧೂಳಿಗೆ ಹೋಗಬಾರದು, ಹುಲ್ಲಿನ ಹತ್ತಿರ ಸುಳಿಯಬಾರದು ಎಂದು ಡಾಕ್ಟರು ಹೇಳಿದರು. ಬಾಟಲಿ ಯಾರು ಹಿಡಿಯಬೇಕು? ನಾನಿಲ್ವಾ ಎಂದ ಸದಾಜಿ. ಅವನಿಗೆ ಎಪ್ಪತ್ತು, ಅವಳಿಗಿಂತ ನಾಲ್ಕು ವರ್ಷ ದೊಡ್ಡವನು. ನಲವತ್ತೆಂಟು ವರ್ಷ ಗಾರೆ ಕೆಲಸ ಮಾಡಿದ ಕೈ. ಏರಿಯ ಕೆಳಗಿನ ಹನ್ನೊಂದು ಮನೆಗಳಲ್ಲಿ ಮೊದಲನೆಯದು ಅವನದೇ. ದಿನಾ ಬೆಳಗ್ಗೆ ಎಣಿಸಿ ಫೋನ್ ಮಾಡುತ್ತೇನೆಂದು ಮಾತು ಕೊಟ್ಟ.

ಹದಿನಾಲ್ಕರಂದು ಫೋನ್ ಬಂತು: ತಿಳಿಯಾಗಿದೆ, ನಲವತ್ತು. ಹದಿನೈದರಂದು: ತಿಳಿಯಾಗಿದೆ, ನಲವತ್ತು. ಅವತ್ತು ರಾತ್ರಿಯಿಂದ ಒಂದೇ ಸಮ ಮಳೆ ಹಿಡಿದು ಕೆರೆ ಕೋಡಿ ಮುಟ್ಟಿತು. ಹದಿನಾರರಂದು ನಲವತ್ತು. ಹದಿನೇಳರಂದೂ ನಲವತ್ತು.

ಕಿನುಯೊ ನಾಲ್ಕೂ ಅಂಕಿಗಳನ್ನು ಸಾಲಾಗಿ ಬರೆದು ನೋಡಿದಳು. ಇಪ್ಪತ್ತೆರಡು ವರ್ಷದಲ್ಲಿ ಒಂದೇ ಅಂಕಿ ನಾಲ್ಕು ದಿನ ಸತತ ಬಂದದ್ದಿಲ್ಲ, ಮಳೆ ಬಿದ್ದ ದಿನಗಳಲ್ಲಂತೂ ಸಾಧ್ಯವೇ ಇಲ್ಲ. ಹಿಂದೆ ಶಾಲೆಯ ಅಡುಗೆಮನೆಯಲ್ಲಿ ಹೊಸಬಳೊಬ್ಬಳು ಹೀಗೆಯೇ ಎಲ್ಲ ಕಡಾಯಿಗಳಿಗೂ ಎಂಬತ್ತೇಳು ಎಂದು ಬರೆದಿದ್ದಳು. ಹೋಗಿ ನೋಡಿದರೆ ಥರ್ಮಾಮೀಟರ್ ಡಬ್ಬಿಯಿಂದ ಹೊರಗೇ ಬಂದಿರಲಿಲ್ಲ. ಸದಾಜಿ ಸೋಮಾರಿಯಾಗಿ ಏರಿಗೆ ಹೋಗದೇ ಅಂಕಿ ಹೇಳುತ್ತಿರಬೇಕು ಎಂದುಕೊಂಡು ಅವಳು ಸಿಟ್ಟಾದಳು. ಅದಕ್ಕಿಂತ ದೊಡ್ಡದೇನೋ ಇರಬಹುದೆಂದು ಆಗ ಹೊಳೆಯಲಿಲ್ಲ.

ಹದಿನೆಂಟರ ಬೆಳಗ್ಗೆ ಕಣ್ಣಿಗೆ ಕನ್ನಡಕದ ಕವಚ ಹಾಕಿಕೊಂಡು, ತಲೆ ಬಗ್ಗಿಸದೆ, ಒಂದೊಂದೇ ಮೆಟ್ಟಿಲಿಳಿದು ಏರಿಯ ಬುಡಕ್ಕೆ ಹೋದಳು. ತಪಾಸಣೆ ಹತ್ತು ಗಂಟೆಗಿತ್ತು, ಕಚೇರಿಯವನು ಒಂಬತ್ತೂವರೆಗೇ ಬಂದಿದ್ದ. ಹೆಸರು ಉತ್ಸುಮಿ, ಮೂವತ್ತೈದರ ಆಸುಪಾಸು, ವಿನಯವಂತ. ಏಪ್ರಿಲ್‌ನಲ್ಲಿ ವರ್ಗವಾಗುವವರೆಗೆ ಗ್ರಂಥಾಲಯ ವಿಭಾಗದಲ್ಲಿದ್ದವನು. ಅವನ ಪಕ್ಕದಲ್ಲಿ ಸದಾಜಿ ಒಗೆದ ಅಂಗಿ ತೊಟ್ಟು ಮದುವೆ ಮನೆಯ ಯಜಮಾನನಂತೆ ನಿಂತಿದ್ದ.

"ಅಯಾದಾ ಅವರೇ, ಒಳ್ಳೇ ಸುದ್ದಿ," ಎಂದ ಉತ್ಸುಮಿ, ಕೈಯಲ್ಲಿದ್ದ ಟ್ಯಾಬ್ಲೆಟ್ ತೋರಿಸುತ್ತ. "ಮಾರ್ಚ್‌ನಲ್ಲಿ ಬಂದವರಿಗೆ ಏನೋ ತಪ್ಪು ಕಂಡಿರ್ಬೇಕು. ಬುಡ ಪೂರ್ತಿ ಒಣಗಿದೆ. ಸೋರಿಕೆ ಇಲ್ಲ ಅಂತ ಗುರುತು ಹಾಕಿದೀನಿ. ಕಳಿಸಿಬಿಟ್ರೆ ಮುಗೀತು, ಇನ್ನು ಐದು ವರ್ಷ ಯಾರೂ ಬರಲ್ಲ."

ಕಿನುಯೊ ಬುಡವನ್ನು ನೋಡಿದಳು. ಪೈಪು ಇದ್ದ ಜಾಗದಲ್ಲಿ ಚೌಕವಾಗಿ ಕತ್ತರಿಸಿದ ಹುಲ್ಲುಹಾಸಿನ ತುಂಡುಗಳನ್ನು ಅಚ್ಚುಕಟ್ಟಾಗಿ ಕೂರಿಸಲಾಗಿತ್ತು. ಒಂದು ತುಂಡನ್ನು ಕಾಲ್ಬೆರಳಿಂದ ಸರಿಸಿದಳು. ಕೆಳಗೆ ಹೊಸ ಸಿಮೆಂಟು ಕನ್ನಡಿಯಂತೆ ನಯವಾಗಿ ಹೊಳೆಯುತ್ತಿತ್ತು. ಅಷ್ಟು ನಯವಾಗಿ ಕರಣೆ ಎಳೆಯುವ ಕೈ ಆ ಊರಲ್ಲಿ ಒಂದೇ. ಅವಳು ತಲೆಯೆತ್ತಿ ಇಳಿಜಾರನ್ನು ನೋಡಿದಳು. ಬುಡದಿಂದ ಒಂದೂವರೆ ಮೀಟರ್ ಮೇಲೆ, ಎಂದೂ ಒದ್ದೆಯಾಗದ ಜಾಗದಲ್ಲಿ, ಹುಲ್ಲು ಒಂದು ಚಾಪೆಯಗಲ ಕಡುಹಸಿರಾಗಿ ಮಿನುಗುತ್ತಿತ್ತು. ಪೈಪಿನ ಬಾಯಿ ಮುಚ್ಚಿದ್ದರಿಂದ ನೀರು ಏರಿಯೊಳಗೇ ಮೇಲೇರಿ, ಮರಳಿಲ್ಲದ, ಕಲ್ಲಿಲ್ಲದ, ಬರಿ ಮಣ್ಣಿನ ಜಾಗದಿಂದ ದಾರಿ ಹುಡುಕುತ್ತಿತ್ತು.

ಸದಾಜಿ ಕಣ್ಣಲ್ಲೇ ಬೇಡುತ್ತಿದ್ದ. ಅವಳಿಗೆ ಅವನ ಲೆಕ್ಕ ತಕ್ಷಣ ಅರ್ಥವಾಯಿತು. ಈ ಹುಡುಗ ಹೋಗಲಿ, ಆಮೇಲೆ ಉಳಿ ಹಿಡಿದು ಎರಡೇಟಿಗೆ ಒಡೆದುಬಿಡೋಣ. ಐದು ದಿನ ತಡೆದ ಏರಿ ಇನ್ನರ್ಧ ಗಂಟೆ ತಡೆಯದೇ? ತಡೆಯಬಹುದು. ಸೋರಿಕೆ ಇಲ್ಲ ಎಂಬ ಗುರುತು, ಐದು ವರ್ಷ, ತನಾಗೊ, ಚಿಪ್ಪು, ಎಲ್ಲವೂ ಅವಳ ಬಾಯಿ ಮುಚ್ಚಿದ್ದರೆ ಸಾಕು ಎಂಬಂತೆ ಎದುರಿಗಿದ್ದವು. ಸರಿಸಿದ ಹುಲ್ಲಿನ ತುಂಡನ್ನು ಅವಳು ಕಾಲ್ಬೆರಳಿಂದ ಅರ್ಧ ಹಿಂದಕ್ಕೆ ತಳ್ಳಿದಳು. ಆಮೇಲೆ, ಈ ಸುಳ್ಳಿನ ಮೇಲೆ ಪಾಸಾದ ಏರಿಯ ಮುಂದೆ ನಾಳೆ ಬಾಟಲಿ ಹಿಡಿದು ಕೂರುವುದನ್ನು ಊಹಿಸಿಕೊಂಡಳು. ಅವಳ ಕಿವಿ ಬಿಸಿಯಾಯಿತು.

"ಸದಾಜಿ ಅಣ್ಣ, ಪೈಪ್ ಎಲ್ಲಿ?"

"ಯಾವ ಪೈಪು?"

"ನಮ್ಮಪ್ಪ ಇಟ್ಟ ಪೈಪು. ನಿನ್ನೆ ನಲವತ್ತು ಸೆಕೆಂಡಲ್ಲಿ ಬಾಟ್ಲಿ ತುಂಬಿಸ್ತಲ್ಲ, ಆ ಪೈಪು."

"ಕಿನು, ಮನೆಗೆ ಹೋಗಮ್ಮ. ಕಣ್ಣಿಗೆ ಧೂಳು ಬೀಳುತ್ತೆ."

"ಕಣ್ಣಿಗೇನೂ ಆಗಿಲ್ಲ. ನಿನ್ನ ಕರಣೆ ಗುರುತು ಕೂಡ ಕಾಣ್ತಿದೆ."

ಉತ್ಸುಮಿ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದ. ಸದಾಜಿ ಮೊದಲು ಆಕಾಶಕ್ಕೆ, ಆಮೇಲೆ ತನ್ನ ಕೈಗಳಿಗೆ ಎಲ್ಲ ಹೇಳಿಕೊಂಡ. ಕಚೇರಿಯವರು ಬರುತ್ತಾರೆಂದರೆ ಹುಲ್ಲು ಕತ್ತರಿಸುವುದಿಲ್ಲವೇ, ಕಸ ಗುಡಿಸುವುದಿಲ್ಲವೇ, ಹಾಗೇ ಇದೂ. ನಲವತ್ತೆಂಟು ವರ್ಷದಲ್ಲಿ ತಾನು ಒದ್ದೆ ಗೋಡೆಯನ್ನು ಯಾವ ಗಿರಾಕಿಗೂ ತೋರಿಸಿದವನಲ್ಲ. ಅವಳು ಆಸ್ಪತ್ರೆಗೆ ಹೋದ ದಿನ ಬಂದು ಮುಚ್ಚಿದ. ಇವತ್ತು ತಪಾಸಣೆ ಮುಗಿದ ಕೂಡಲೇ ಒಡೆಯುವವನಿದ್ದ.

"ನಿನ್ನ ಕೆರೆ ಉಳೀಲಿ ಅಂತ ಮಾಡ್ದೆ," ಎಂದ ಕೊನೆಗೆ. "ನನಗೇನು ಲಾಭ ಇದ್ರಲ್ಲಿ?"

"ಲಾಭ ಇಲ್ಲ. ಏರಿ ಹೋದ್ರೆ ಮೊದಲು ನೀರು ನುಗ್ಗೋದು ಯಾರ ಮನೆಗೆ? ಅದನ್ನಾದ್ರೂ ಯೋಚನೆ ಮಾಡಿದ್ಯಾ? ನಿನ್ನ ಮೊಮ್ಮಗಳು ಮಲಗೋ ಕೋಣೆ ಯಾವ ಕಡೆ ಇದೆ?"

ಸದಾಜಿ ತನ್ನ ಮನೆಯ ಕಡೆ ತಿರುಗಿ ನೋಡಿದ.

ಉತ್ಸುಮಿ ಮೆಲ್ಲಗೆ, ತಾನು ನೋಡಿದಾಗ ಒಣಗಿತ್ತು, ಅದನ್ನೇ ದಾಖಲಿಸಿದ್ದೇನೆ, ಉಳಿದದ್ದು ನಿಮ್ಮ ನಿಮ್ಮ ವಿಷಯ ಎಂಬರ್ಥದ ಮಾತು ಶುರು ಮಾಡಿದ. ಕಿನುಯೊ ಅವನನ್ನು ಮುಗಿಸಲು ಬಿಡಲಿಲ್ಲ.

"ನೀವು ಏರಿ ನೋಡೋಕ್ ಬಂದಿದ್ದೀರೋ, ಸಿಮೆಂಟ್ ನೋಡೋಕ್ ಬಂದಿದ್ದೀರೋ? ಮಾರ್ಚ್‌ನಲ್ಲಿ ಒಬ್ರು ಬಂದ್ರು, ಆರೋಗ್ಯವಾಗಿದ್ದ ಏರಿ ನೋಡಿ ಕಾಯಿಲೆ ಅಂದ್ರು. ಇವತ್ತು ನೀವು ಬಂದು, ಉಸಿರು ಕಟ್ಟಿರೋ ಏರಿ ನೋಡಿ ಗಟ್ಟಿಮುಟ್ಟಾಗಿದೆ ಅಂತೀರಿ. ಇಲ್ಲಿ ಮೇಲೆ ಬನ್ನಿ. ಇಲ್ಲಿ ಕಾಲಿಡಿ."

ಅವನು ಹತ್ತಿ ಬಂದು ಕಡುಹಸಿರಿನ ಮೇಲೆ ಕಾಲಿಟ್ಟ. ಶೂ ಹಿಮ್ಮಡಿ ಮುಳುಗುವವರೆಗೆ ಒಳಗೆ ಹೋಯಿತು. ಎಳೆದಾಗ ಕೆಂಪು ನೀರು ತುಂಬಿದ ಗುಳಿ ಉಳಿಯಿತು. ಗುರುತು ಹಾಕಿದ ಚೌಕವನ್ನು ಅವನೇ ಅಳಿಸಿದ.

ಮುಂದಿನದನ್ನು ಕಿನುಯೊ ಅಡುಗೆಮನೆಯಲ್ಲಿ ಬೆಂಕಿಯ ಕೆಲಸ ಹಂಚುತ್ತಿದ್ದಂತೆ ಹಂಚಿದಳು. ಮೊದಲು ಮೇಲಿನ ತೂಬು ತೆಗೆದು ಕೆರೆಯ ಭಾರ ಇಳಿಸಬೇಕು. ಅದನ್ನು ಉತ್ಸುಮಿ ಅವಳು ಹೇಳಿದಂತೆ ಎಳೆದ. ಕಾಲುವೆಯಲ್ಲಿ ನೀರು ಓಡತೊಡಗಿದ ಮೇಲೆ ಅವನೇ ಕೆಳಗಿನ ಮನೆಗಳಿಗೆ ಹೋಗಿ ಎಲ್ಲರೂ ರಸ್ತೆಯ ಮೇಲ್ಬದಿಗೆ ಬರಲಿ ಎಂದು ಹೇಳಿ ಬಂದ. ಆಮೇಲೆ ಸಿಮೆಂಟು. ಸದಾಜಿ ಮನೆಯಿಂದ ಸುತ್ತಿಗೆ, ಉಳಿ ತಂದ. ತನ್ನ ಕೆಲಸ ತಾನೇ ಒಡೆಯುವುದು ಅವನಿಗೆ ಸುಲಭವಾಗಲಿಲ್ಲ. ಎರಡೇಟಿನ ಕೆಲಸ ಎಂದುಕೊಂಡಿದ್ದವನಿಗೆ ಹದಿನೇಳು ಬೇಕಾದವು. ಹದಿನೇಳನೆಯದಕ್ಕೆ ನೀರು ತುಂಡುಗಳನ್ನು ತಳ್ಳಿಕೊಂಡು ಹಾರಿ ಬಂದು ಅವನ ಒಗೆದ ಅಂಗಿಯನ್ನು ಕೆಂಪು ಮಾಡಿತು.

ಬಾಟಲಿ ತುಂಬಲು ಒಂಬತ್ತು ಸೆಕೆಂಡು. ನೀರು ಹೆಂಚಿನ ಬಣ್ಣ. ಉತ್ಸುಮಿ ಫೋಟೊ ತೆಗೆದು, ಇಷ್ಟು ಸಾಕು, ವರದಿ ಕಳಿಸುತ್ತೇನೆ ಎಂದ.

"ಇಲ್ಲ, ಇಷ್ಟು ಸಾಕಾಗಲ್ಲ," ಎಂದಳು ಕಿನುಯೊ. "ಐದು ದಿನ ಬಾಯಿ ಕಟ್ಟಿಸ್ಕೊಂಡಿದ್ದ ಏರಿಯ ಮೊದಲನೇ ಮಾತು ಕೇಳ್ಕೊಂಡು ಹೋಗ್ಬೇಡಿ. ಕೂತ್ಕೊಳ್ಳಿ."

ಅವನು ಕೂತ. ಅದು ಅವನ ಒಳ್ಳೆಯತನ; ಕೂರಲೇಬೇಕೆಂದು ಯಾವ ನಿಯಮವೂ ಇರಲಿಲ್ಲ. ಅವಳು ಬಗ್ಗುವಂತಿರಲಿಲ್ಲ, ಸದಾಜಿಯ ಎಣಿಕೆಯನ್ನು ಯಾರೂ ನಂಬುವಂತಿರಲಿಲ್ಲ, ಆದ್ದರಿಂದ ಬಾಟಲಿ ಹಿಡಿದವನೂ ಅವನೇ. ಇಪ್ಪತ್ತು ನಿಮಿಷಕ್ಕೆ ಹದಿಮೂರು ಸೆಕೆಂಡು, ಬಣ್ಣ ಚಹಾದಂತೆ. ನಲವತ್ತು ನಿಮಿಷಕ್ಕೆ ಹತ್ತೊಂಬತ್ತು, ಅಕ್ಕಿ ತೊಳೆದ ನೀರಿನಂತೆ. ಒಂದು ಗಂಟೆ ಹತ್ತು ನಿಮಿಷಕ್ಕೆ ಇಪ್ಪತ್ತೇಳು. ಬಾಟಲಿಯನ್ನು ಬಿಸಿಲಿಗೆ ಹಿಡಿದರೆ ಆಚೆಗಿದ್ದ ಸದಾಜಿಯ ಮನೆಯ ಹೆಂಚುಗಳನ್ನು ಎಣಿಸಬಹುದಿತ್ತು. ಮೇಲಿನ ಒದ್ದೆಯ ಅಂಚು ಮುಂದೆ ಸರಿಯುವುದು ನಿಂತಿತ್ತು.

ಆದರೆ ಟ್ಯಾಬ್ಲೆಟ್ಟಿನಲ್ಲಿ ಎರಡೇ ಪ್ರಶ್ನೆ. ಸೋರಿಕೆ ಇದೆಯೇ? ಇದೆ. ನೀರು ಕೆಂಪಗಿತ್ತೇ? ಇತ್ತು. ಯಾಕಿತ್ತು, ಎಷ್ಟು ಹೊತ್ತಿತ್ತು, ಆಮೇಲೆ ಏನಾಯಿತು ಎಂದು ಕೇಳುವ ಜಾಗವೇ ಇಲ್ಲ. ಇದನ್ನು ಮಾಡಿದವರು ಜೀವನದಲ್ಲಿ ಒಂದು ಏರಿಯನ್ನಾದರೂ ನೋಡಿದ್ದಾರಾ ಎಂದು ಕಿನುಯೊ ಕೇಳಿದಳು. ತನಗೆ ಗೊತ್ತಿಲ್ಲ ಎಂದು ಉತ್ಸುಮಿ ಒಪ್ಪಿಕೊಂಡ. ಕಾರಿನಿಂದ ಬಿಳಿ ಹಾಳೆ ತಂದು, ಅವಳ ಹಳೆಯ ಕ್ಯಾಲೆಂಡರ್ ಹಾಳೆಗಳನ್ನು ತರಿಸಿಕೊಂಡು, ಮೂರು ಪುಟ ಕೈಯಲ್ಲೇ ಬರೆದ.

ಆಗಸ್ಟ್‌ನಲ್ಲಿ ತೀರ್ಮಾನ ಬಂತು. ಏರಿ ಸೀಳುವುದಿಲ್ಲ. ಆದರೆ ಸೋರಿಕೆ ಖಚಿತವಾದ್ದರಿಂದ ಕೋಡಿಯನ್ನು ಒಂದು ಮೀಟರ್ ಕಡಿದು ತಗ್ಗಿಸಬೇಕು. ಅದಕ್ಕಿಂತ ಮೇಲೆ ಇನ್ನು ನೀರು ನಿಲ್ಲುವಂತಿಲ್ಲ. ಉತ್ಸುಮಿ ಫೋನ್ ಮಾಡಿ, ಆ ಮೂರು ಪುಟ ಇಲ್ಲದಿದ್ದರೆ ಸೀಳುವುದೇ ಆಗುತ್ತಿತ್ತು ಎಂದು ತಿಳಿಸಿದ. ಅವಳು ಅವನಿಗೆ ಮನಸ್ಸಿನಿಂದ ಧನ್ಯವಾದ ಹೇಳಿ, ಫೋನ್ ಇಟ್ಟ ಮೇಲೆ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಅಗತ್ಯಕ್ಕಿಂತ ಜೋರಾಗಿ ತೊಳೆದಳು. ಬಾಯಿ ಮುಚ್ಚಿಕೊಂಡಿದ್ದರೆ ಇಡೀ ಕೆರೆ ಉಳಿಯುತ್ತಿತ್ತು. ನಿಜ ಹೇಳಿದ್ದಕ್ಕೆ ಒಂದು ಮೀಟರ್ ದಂಡ. ಮತ್ತೊಮ್ಮೆ ಅದೇ ಬೆಳಗು ಬಂದರೂ ಅವಳು ಅದನ್ನೇ ಹೇಳುತ್ತಿದ್ದಳು, ಆ ಬಗ್ಗೆ ಅವಳಿಗೆ ಅನುಮಾನವಿರಲಿಲ್ಲ. ಆದರೆ ಆ ಬೆಲೆಯನ್ನು ಸರಿಯೆಂದು ಒಪ್ಪಲು ಅವಳು ತಯಾರಿರಲಿಲ್ಲ.

ಒಂದು ಮೀಟರ್ ಇಳಿದರೆ ಉತ್ತರದ ದಂಡೆಯ ಆಳವಿಲ್ಲದ ಭಾಗ ಬಹುಪಾಲು ಒಣಗುತ್ತದೆ. ಚಿಪ್ಪುಗಳ ಮೂರನೇ ಒಂದು ಪಾಲು ಇದ್ದದ್ದು ಅಲ್ಲಿಯೇ. ಅವನ್ನು ಆಳದ ನೀರಿಗೆ ಸಾಗಿಸಲು ಅಕ್ಟೋಬರ್‌ನಲ್ಲಿ, ಹೂಳು ಕಲಕುವ ಆ ಆರು ಜನ ಸೊಂಟಮಟ್ಟದ ರಬ್ಬರ್ ಬೂಟು ಹಾಕಿ ಇಳಿದರು. ಸದಾಜಿಯೊಡನೆ ಅವಳು ಜೂನ್‌ನಿಂದ ಮಾತು ಬಿಟ್ಟಿದ್ದಳು. ಸಿಮೆಂಟು ಹಾಕಿದ್ದನ್ನು ಅವಳು ಎಂದೋ ಮನ್ನಿಸಿದ್ದಳು, ನಾಲ್ಕು ದಿನ ಸುಳ್ಳು ಅಂಕಿ ಹೇಳಿದ್ದನ್ನು ಮನ್ನಿಸಿರಲಿಲ್ಲ. ಅವನು ಕರೆಯದೇ ಬಂದು, ಎಲ್ಲರಿಗಿಂತ ಮೊದಲು ಕೆಸರಿಗಿಳಿದು, ಬೆರಳಲ್ಲಿ ತಡಕಿ ಚಿಪ್ಪುಗಳನ್ನು ಬುಟ್ಟಿಗೆ ಹಾಕತೊಡಗಿದ. ಮಧ್ಯಾಹ್ನ ಎಲ್ಲರಿಗೂ ಬಿಸಿ ಉದೊನ್ ಶಾವಿಗೆ ಬಡಿಸುವಾಗ ಅವಳು ಅವನ ಬಟ್ಟಲಿಗೂ ಬಡಿಸಿದಳು.

"ಎಷ್ಟಾಯ್ತು?" ಎಂದು ಕೇಳಿದಳು, ಅವನ ಕಡೆ ನೋಡದೆ.

"ಮುನ್ನೂರ ಹನ್ನೆರಡು. ಎರಡು ಸಲ ಎಣಿಸಿದೀನಿ. ಬೇಕಾದ್ರೆ ನೀನೂ ಎಣಿಸು."

ಅವಳು ಎಣಿಸಿದಳು. ಮುನ್ನೂರ ಹನ್ನೆರಡೇ ಇತ್ತು.

ನವೆಂಬರ್‌ನಲ್ಲಿ ಗುತ್ತಿಗೆದಾರ ಯಂತ್ರ ತಂದು ಎರಡು ದಿನದಲ್ಲಿ ಕೋಡಿ ಕಡಿದ. ಸಿಮೆಂಟಿನ ಹೊಸ ಅಂಚು ಕಟ್ಟಿ, ಸಾಮಾನು ಲಾರಿಗೇರಿಸುತ್ತಿದ್ದಾಗ ಕಿನುಯೊ ಅಳತೆಕೋಲು, ಮಟ್ಟದ ಕೊಳವೆ ಹಿಡಿದು ಬಂದಳು. ಹಳೆಯ ಅಂಚಿನ ಗುರುತಿನಿಂದ ಮೂರು ಕಡೆ ಅಳೆದಳು. ಮೂರು ಕಡೆಯೂ ನೂರ ನಾಲ್ಕು.

"ನಾಲ್ಕು ಸೆಂಟಿಮೀಟರ್‌ಗೆ ಯಾರಾದ್ರೂ ಜಗಳ ಆಡ್ತಾರಾ ಅಜ್ಜಿ?" ಎಂದು ಗುತ್ತಿಗೆದಾರ ನಕ್ಕ.

"ನಾನು ಆಡ್ತೀನಿ. ಮತ್ತೆ ನಾನು ನಿಮ್ಮಜ್ಜಿ ಅಲ್ಲ."

ಆ ದಂಡೆ ಎಷ್ಟು ಚಪ್ಪಟೆಯೆಂದರೆ ನೀರು ನಾಲ್ಕು ಸೆಂಟಿಮೀಟರ್ ಇಳಿದರೆ ದಡ ಎರಡು ಮೀಟರ್ ಹಿಂದೆ ಸರಿಯುತ್ತದೆ, ಅದರ ಉದ್ದ ಇಪ್ಪತ್ತಾರು ಮೀಟರ್, ಹಗ್ಗ ಹಿಡಿದು ತಾನೇ ಅಳೆದಿದ್ದೇನೆ ಎಂದು ಅವಳು ವಿವರಿಸಿದಳು. ಪತ್ರದಲ್ಲಿ ಒಂದು ಮೀಟರ್ ಎಂದಿದೆ. ಒಂದು ಮೀಟರ್ ಅವರು ಕಿತ್ತುಕೊಂಡರು, ಸರಿ. ಅದರ ಮೇಲೆ ಒಂದು ಕೂದಲೆಳೆಯನ್ನೂ ಅವಳು ಬಿಡುವವಳಲ್ಲ. ಗುತ್ತಿಗೆದಾರ ಗಡಿಯಾರ ನೋಡಿಕೊಂಡ, ಕಚೇರಿಗೆ ಫೋನ್ ಹಚ್ಚಿದ, ಅತ್ತ ಉತ್ಸುಮಿಯ ಧ್ವನಿ ಕೇಳಿ ಸ್ವಲ್ಪ ಹೊತ್ತು ಹೂಂ ಹೂಂ ಎಂದು, ಫೋನ್ ಜೇಬಿಗಿಳಿಸಿ, ಲಾರಿಯಿಂದ ಸಿಮೆಂಟಿನ ಚೀಲ ಮತ್ತೆ ಇಳಿಸಲು ಕೆಲಸದವರಿಗೆ ಹೇಳಿದ.

ಅವರು ಮುಗಿಸುವವರೆಗೆ ಕಿನುಯೊ ಏರಿಯ ಮೇಲೆ ಕೂತೇ ಇದ್ದಳು. ಮತ್ತೆ ಅಳೆದಳು. ನೂರು. ಗುತ್ತಿಗೆದಾರನಿಗೆ ತಲೆಬಾಗಿ ವಂದಿಸಿ, ಬೂಟು ಹಾಕಿಕೊಂಡು ಉತ್ತರದ ದಂಡೆಗಿಳಿದಳು. ಒಣಗುತ್ತಿದ್ದ ಕೆಸರಿನಲ್ಲಿ ಇನ್ನೂ ಕೆಲವು ಚಿಪ್ಪುಗಳು ಉಳಿದಿರಬಹುದಿತ್ತು, ಬೆಳಕಿರುವಾಗಲೇ ಅವನ್ನು ಹುಡುಕಬೇಕಿತ್ತು.